ಕೊಬ್ಬು ಇಳಿಯಲಿ, ಸ್ನಾಯು ಉಳಿಯಲಿ: ಭಾರ ಎತ್ತುವ ವ್ಯಾಯಾಮದಿಂದ ಬೊಜ್ಜು ಕರಗಿಸುವ ಕ್ರಮ

ಮೈ ಇಳಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ. ಊಟ ಕಡಿಮೆ ಮಾಡುತ್ತಾರೆ, ಮತ್ತೆ ಓಡಲು ಇಲ್ಲವೇ ಬಿರುಸಾಗಿ ನಡೆಯಲು ಶುರುಮಾಡುತ್ತಾರೆ. ಇದರಿಂದ ತೂಕ ಇಳಿಯುವುದು ನಿಜ. ಆದರೆ ಇಳಿದದ್ದರಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು ಎಂಬ ಪ್ರಶ್ನೆಗೆ ತೂಕದ ಯಂತ್ರದಲ್ಲಿ ಉತ್ತರ ಸಿಗುವುದಿಲ್ಲ. ಬರಿಯ ಊಟ ಕಡಿಮೆ ಮಾಡಿ ಇಳಿಸಿದ ತೂಕದಲ್ಲಿ ಸರಿಸುಮಾರು ಕಾಲು ಭಾಗದಷ್ಟು ಕೊಬ್ಬಲ್ಲದ ಅಂಶ, ಅಂದರೆ ಸ್ನಾಯು ಮತ್ತು ಅದರೊಳಗಿನ ನೀರು ಸೇರಿರುವುದು ಅಪರೂಪವೇನಲ್ಲ. ಹತ್ತು ಕಿಲೊ ಇಳಿಸಿಯೂ ಹೊಟ್ಟೆ ಜೋತುಬಿದ್ದಂತೆಯೇ ಕಾಣುವುದಕ್ಕೆ, ಮೆಟ್ಟಿಲು ಹತ್ತುವಾಗ ಮೊದಲಿಗಿಂತ ಹೆಚ್ಚು ಸುಸ್ತಾಗುವುದಕ್ಕೆ ಇದೊಂದು ಮುಖ್ಯ ಕಾರಣ. ಭಾರ ಎತ್ತುವ ವ್ಯಾಯಾಮದ ಪಾತ್ರ ಇರುವುದು ಇಲ್ಲಿಯೇ. ಎಷ್ಟು ತೂಕ ಇಳಿಯಬೇಕೆಂಬುದನ್ನು ಊಟ ನಿರ್ಧರಿಸುತ್ತದೆ, ಇಳಿಯುವ ತೂಕ ಯಾವುದರದ್ದಾಗಿರಬೇಕೆಂಬುದನ್ನು ಬಹುಮಟ್ಟಿಗೆ ಭಾರ ನಿರ್ಧರಿಸುತ್ತದೆ. ಮುಂದೆ ಹೇಳುವುದೆಲ್ಲವೂ ಈ ಒಂದು ತಿಳಿವಳಿಕೆಯ ಮೇಲೆಯೇ ನಿಂತಿದೆ.

ದೇಹ ಹೀಗೆ ನಡೆದುಕೊಳ್ಳುವುದಕ್ಕೆ ಸ್ಪಷ್ಟ ಕಾರಣವಿದೆ. ಆಹಾರ ಸಾಲದಾದಾಗ ದೇಹವು ತನ್ನ ಸಂಗ್ರಹದಿಂದ ಶಕ್ತಿಯನ್ನು ತೆಗೆದುಕೊಳ್ಳುತ್ತದೆ. ಬಳಕೆಯಲ್ಲಿಲ್ಲದ ಸ್ನಾಯುವನ್ನು ಸಾಕುವುದು ಅದಕ್ಕೆ ಅನಗತ್ಯ ಖರ್ಚು. ವಾರಕ್ಕೆ ಎರಡು ಮೂರು ಬಾರಿ ಅದೇ ಸ್ನಾಯುವಿನ ಮೇಲೆ ತಕ್ಕಮಟ್ಟಿನ ಭಾರ ಬಿದ್ದರೆ, ಅದು ಬೇಕಾದದ್ದು ಎಂಬ ಸೂಚನೆ ಸಿಕ್ಕಂತಾಗಿ, ಸ್ನಾಯುವಿನಲ್ಲಿ ಪ್ರೊಟೀನ್ ಕಟ್ಟುವ ಕೆಲಸ ನಿಲ್ಲದೆ ನಡೆಯುತ್ತದೆ, ಕೊರತೆಯ ಹೆಚ್ಚಿನ ಪಾಲನ್ನು ಕೊಬ್ಬೇ ತುಂಬಿಕೊಡಬೇಕಾಗುತ್ತದೆ.

ಜಿಮ್‌ಗಳಲ್ಲಿ ಪದೇಪದೇ ಕೇಳಿಬರುವ ಒಂದು ಮಾತನ್ನು ಇಲ್ಲಿಯೇ ತಿದ್ದಬೇಕು. ಸ್ನಾಯು ಬೆಳೆಸಿಕೊಂಡರೆ ಕೂತಲ್ಲಿಯೇ ಕೊಬ್ಬು ಸುಡುತ್ತದೆ ಎನ್ನುತ್ತಾರೆ. ವಿಶ್ರಾಂತಿಯಲ್ಲಿರುವಾಗ ಒಂದು ಕಿಲೊ ಸ್ನಾಯು ದಿನವೊಂದಕ್ಕೆ ಬಳಸುವುದು ಸುಮಾರು 13 ಕ್ಯಾಲರಿ, ಒಂದು ಕಿಲೊ ಕೊಬ್ಬು ಬಳಸುವುದು ನಾಲ್ಕೂವರೆಯ ಆಸುಪಾಸು. ಕಷ್ಟಪಟ್ಟು ಎರಡು ಕಿಲೊ ಸ್ನಾಯು ಗಳಿಸಿದರೂ ದಿನದ ಖರ್ಚು ಹೆಚ್ಚುವುದು ಒಂದು ಬಿಸ್ಕತ್ತಿನಷ್ಟು ಮಾತ್ರ. ವ್ಯಾಯಾಮ ಮುಗಿದ ಮೇಲೂ ಗಂಟೆಗಟ್ಟಲೆ ಕ್ಯಾಲರಿ ಸುಡುತ್ತಿರುತ್ತದೆ ಎಂಬ ಮಾತಿನಲ್ಲಿ ಸತ್ಯವಿದ್ದರೂ ಅದರ ಪ್ರಮಾಣ ಅಲ್ಪ. ಅರವತ್ತು ಎಪ್ಪತ್ತು ಕಿಲೊ ತೂಗುವವರು ಸೆಟ್‌ಗಳ (ಬಿಡದೆ ಹಲವು ಬಾರಿ ಎತ್ತುವ ಒಂದು ಸುತ್ತೇ ಒಂದು ಸೆಟ್) ನಡುವೆ ಸರಿಯಾಗಿ ವಿರಾಮ ತೆಗೆದುಕೊಂಡು ಒಂದು ಗಂಟೆ ಭಾರ ಎತ್ತಿದರೆ ಖರ್ಚಾಗುವುದು ಸಾಮಾನ್ಯವಾಗಿ 200ರಿಂದ 400 ಕ್ಯಾಲರಿ. ಆದ್ದರಿಂದ ಕ್ಯಾಲರಿ ಸುಡುವ ಸಾಧನವೆಂದು ಭಾರವನ್ನು ನೋಡಿದರೆ ನಿರಾಶೆಯೇ ಗತಿ. ಸ್ನಾಯುವನ್ನು ಕಾಪಾಡುವ ಸಾಧನವೆಂದು ನೋಡಿದರೆ ಅದಕ್ಕೆ ಸಮನಾದದ್ದು ಬೇರೊಂದಿಲ್ಲ.

ಶುರುಮಾಡುವ ಮೊದಲು

ಹೃದಯದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ, ಹರ್ನಿಯಾ, ಇತ್ತೀಚಿನ ಶಸ್ತ್ರಚಿಕಿತ್ಸೆ, ಮಧುಮೇಹದಿಂದ ಕಣ್ಣಿನ ಪರದೆಗೆ ಆದ ಹಾನಿ, ಇವುಗಳಲ್ಲಿ ಯಾವುದಿದ್ದರೂ ವೈದ್ಯರ ಒಪ್ಪಿಗೆ ಪಡೆದೇ ಭಾರ ಮುಟ್ಟಬೇಕು. ಗರ್ಭಿಣಿಯರು ತೂಕ ಇಳಿಸುವ ಯೋಚನೆಯನ್ನೇ ಆ ಕಾಲದಲ್ಲಿ ಬದಿಗಿಡಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಊಟ ಕಡಿಮೆಯಾಗಿ ವ್ಯಾಯಾಮ ಹೆಚ್ಚಾದಾಗ ಸಕ್ಕರೆಯ ಮಟ್ಟ ಅಪಾಯಕರವಾಗಿ ಕುಸಿಯಬಹುದಾದ್ದರಿಂದ ಔಷಧದ ಪ್ರಮಾಣವನ್ನು ಮೊದಲೇ ವೈದ್ಯರೊಂದಿಗೆ ಚರ್ಚಿಸಬೇಕು.

ಊಟದ ಲೆಕ್ಕ

ಒಂದು ಕಿಲೊ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಶಕ್ತಿ ಅಡಗಿದೆ. ದಿನಕ್ಕೆ 300ರಿಂದ 500 ಕ್ಯಾಲರಿ ಕೊರತೆ ಮಾಡಿಕೊಂಡರೆ, ಅಂದರೆ ಖರ್ಚಾಗುವುದಕ್ಕಿಂತ ಅಷ್ಟು ಕಡಿಮೆ ತಿಂದರೆ, ಎರಡರಿಂದ ನಾಲ್ಕು ವಾರಕ್ಕೊಂದು ಕಿಲೊದಂತೆ ತೂಕ ಇಳಿಯುತ್ತದೆ. ಇದು ನಿಧಾನವೆನಿಸಬಹುದು, ಆದರೆ ಭಾರ ಎತ್ತುವವರಿಗೆ ಈ ನಿಧಾನ ಬೇಕೇ ಬೇಕು. ವಾರಕ್ಕೆ ದೇಹದ ತೂಕದ ಶೇಕಡ ಅರ್ಧದಿಂದ ಒಂದರಷ್ಟು, ಅಂದರೆ 80 ಕಿಲೊ ಇರುವವರಿಗೆ 400ರಿಂದ 800 ಗ್ರಾಂ ಇಳಿಯುವುದು ಒಳ್ಳೆಯ ವೇಗ. ಅದಕ್ಕಿಂತ ಬೇಗ ಇಳಿಸಲು ಹೋದರೆ ಎತ್ತುವ ಶಕ್ತಿ ಕುಗ್ಗುತ್ತದೆ, ಶಕ್ತಿ ಕುಗ್ಗಿದರೆ ಸ್ನಾಯುವಿನ ಮೇಲೆ ಬೀಳುವ ಭಾರವೂ ಕಡಿಮೆಯಾಗಿ ಇಡೀ ಪ್ರಯತ್ನದ ಉದ್ದೇಶವೇ ಹಾಳಾಗುತ್ತದೆ. ಮೈಯಲ್ಲಿ ಬಹಳ ಕೊಬ್ಬಿರುವವರು ಆರಂಭದಲ್ಲಿ ಸ್ವಲ್ಪ ವೇಗವಾಗಿ ಇಳಿಸಿದರೂ ನಡೆಯುತ್ತದೆ. ಈಗಾಗಲೇ ತೆಳ್ಳಗಿರುವವರು ಹೆಚ್ಚು ನಿಧಾನವಾಗಿ ಸಾಗಬೇಕು.

ಪ್ರೊಟೀನ್ ವಿಷಯದಲ್ಲಿ ಸಡಿಲ ಬಿಡಬಾರದು. ಭಾರ ಎತ್ತುತ್ತ ಕೊಬ್ಬು ಇಳಿಸುವವರಿಗೆ ದೇಹದ ತೂಕದ ಪ್ರತಿ ಕಿಲೊಗೆ ದಿನಕ್ಕೆ 1.6ರಿಂದ 2.2 ಗ್ರಾಂ ಪ್ರೊಟೀನ್ ಬೇಕು. ತುಂಬ ದಪ್ಪವಿರುವವರು ಈಗಿನ ತೂಕದ ಬದಲು ತಲುಪಬೇಕೆಂದಿರುವ ತೂಕವನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ ಸಾಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಅರ್ಧ ಲೀಟರ್ ಹಾಲಿನಲ್ಲಿ 16 ಗ್ರಾಂ, ಬೇಯಿಸಿದ 100 ಗ್ರಾಂ ಬೇಳೆಕಾಳಿನಲ್ಲಿ 8 ಗ್ರಾಂನ ಆಸುಪಾಸು, ಬೇಯಿಸಿದ 100 ಗ್ರಾಂ ಕೋಳಿಯ ಎದೆಭಾಗದಲ್ಲಿ 30 ಗ್ರಾಂ ಪ್ರೊಟೀನ್ ಇರುತ್ತದೆ. ದಿನಕ್ಕೆ 120 ಗ್ರಾಂ ತಲುಪಬೇಕಾದರೆ ಪ್ರತಿ ಹೊತ್ತಿನ ಊಟವನ್ನೂ ಪ್ರೊಟೀನ್‌ನಿಂದಲೇ ಯೋಚಿಸಲು ಆರಂಭಿಸಬೇಕೆಂಬುದು ಈ ಲೆಕ್ಕದಿಂದ ಗೊತ್ತಾಗುತ್ತದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತಿಗೆ ಬಲ ಕೊಡುತ್ತದೆ. ನಾಲ್ಕು ವಾರ ತೀವ್ರ ಕ್ಯಾಲರಿ ಕೊರತೆಯಲ್ಲಿದ್ದು ಕಠಿಣ ವ್ಯಾಯಾಮ ಮಾಡಿದ ಯುವಕರಲ್ಲಿ ಕಿಲೊಗೆ 2.4 ಗ್ರಾಂ ಪ್ರೊಟೀನ್ ತಿಂದವರ ಕೊಬ್ಬು ಸರಾಸರಿ 4.8 ಕಿಲೊ ಇಳಿದು ಕೊಬ್ಬಲ್ಲದ ದೇಹಭಾಗ 1.2 ಕಿಲೊ ಹೆಚ್ಚಾಯಿತು, 1.2 ಗ್ರಾಂ ತಿಂದವರ ಕೊಬ್ಬು 3.5 ಕಿಲೊ ಇಳಿಯಿತು, ಉಳಿದದ್ದು ಹೆಚ್ಚುಕಡಿಮೆ ಇದ್ದಷ್ಟೇ ಉಳಿಯಿತು. ಅಷ್ಟು ಕಟ್ಟುನಿಟ್ಟು ಎಲ್ಲರಿಗೂ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಆದರೆ ಭಾರ ಮತ್ತು ಪ್ರೊಟೀನ್ ಜೊತೆಗೂಡಿದಾಗ ಕೊರತೆಯ ನಡುವೆಯೂ ಸ್ನಾಯುವನ್ನು ಉಳಿಸಿಕೊಳ್ಳಬಹುದೆಂಬುದು ಅದರಿಂದ ಖಚಿತವಾಗುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೊಟೀನ್ ಹೆಚ್ಚಿಸಬಾರದು.

ಯಾವ ವ್ಯಾಯಾಮ, ಎಷ್ಟು

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು, ಪ್ರತಿ ಬಾರಿಯೂ ಇಡೀ ಮೈಗೆ ವ್ಯಾಯಾಮ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲವೆಂದೇ ನನ್ನ ಅಭಿಪ್ರಾಯ. ಒಂದು ದಿನ ಎದೆ, ಇನ್ನೊಂದು ದಿನ ತೋಳು ಎಂದು ಮೈಯನ್ನು ಹಂಚಿಕೊಂಡು ವಾರಕ್ಕೆ ಆರು ದಿನ ಜಿಮ್‌ಗೆ ಹೋಗುವ ಪದ್ಧತಿ ವರ್ಷಗಟ್ಟಲೆ ಅಭ್ಯಾಸವಿದ್ದವರಿಗೆ ಹೊಂದಬಹುದು. ಕಡಿಮೆ ತಿನ್ನುತ್ತಿರುವ ಹೊಸಬರಿಗೆ ಅದು ಆಯಾಸವನ್ನಷ್ಟೇ ಹೆಚ್ಚಿಸುತ್ತದೆ, ಒಂದು ದಿನ ತಪ್ಪಿದರೆ ಒಂದು ಭಾಗದ ವ್ಯಾಯಾಮ ಇಡೀ ವಾರ ತಪ್ಪಿಹೋಗುತ್ತದೆ.

ಎರಡು ಪಟ್ಟಿಗಳನ್ನು ಸರದಿಯಂತೆ ಮಾಡಿದರೆ ಸಾಕು. ಮೊದಲನೆಯ ಪಟ್ಟಿಯಲ್ಲಿ ಭಾರ ಹಿಡಿದು ಕುಕ್ಕರಗಾಲಿನಂತೆ ಕೂತು ಏಳುವ ಸ್ಕ್ವಾಟ್, ಬೆಂಚಿನ ಮೇಲೆ ಮಲಗಿ ಭಾರವನ್ನು ಎದೆಯಿಂದ ಮೇಲಕ್ಕೆ ಒತ್ತುವ ಬೆಂಚ್ ಪ್ರೆಸ್ ಮತ್ತು ಭಾರವನ್ನು ಹೊಟ್ಟೆಯ ಕಡೆಗೆ ಎಳೆಯುವ ರೋ ಇರಲಿ, ಕೊನೆಗೆ ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ನೇರವಾಗಿ ಹಿಡಿದು ನಿಲ್ಲಿಸುವ ಪ್ಲ್ಯಾಂಕ್ ಇರಲಿ. ಎರಡನೆಯದರಲ್ಲಿ ಸೊಂಟದಿಂದ ಮುಂದಕ್ಕೆ ಬಾಗಿ ಭಾರವನ್ನು ಇಳಿಸಿ ಎತ್ತುವ ರೊಮೇನಿಯನ್ ಡೆಡ್‌ಲಿಫ್ಟ್, ನಿಂತು ಭಾರವನ್ನು ತಲೆಯ ಮೇಲಕ್ಕೆ ಒತ್ತುವ ಶೋಲ್ಡರ್ ಪ್ರೆಸ್, ಮೇಲಿನಿಂದ ಎದೆಯ ಕಡೆಗೆ ಎಳೆಯುವ ಲ್ಯಾಟ್ ಪುಲ್‌ಡೌನ್ ಮತ್ತು ಒಂದು ಕಾಲು ಮುಂದಿಟ್ಟು ಮಂಡಿ ಮಡಚಿ ಇಳಿದು ಏಳುವ ಲಂಜ್ ಇರಲಿ. ಎರಡು ತುದಿಗೂ ಭಾರದ ತಟ್ಟೆ ಹಾಕುವ ಉದ್ದನೆಯ ಸರಳು, ಅಂದರೆ ಬಾರ್‌ಬೆಲ್ ಇಲ್ಲದಿದ್ದರೆ ಇವುಗಳಲ್ಲಿ ಹೆಚ್ಚಿನವನ್ನು ಎರಡು ಡಂಬೆಲ್‌ಗಳಿಂದಲೇ ಮಾಡಬಹುದು, ಬೆಂಚ್ ಪ್ರೆಸ್ ಬದಲಿಗೆ ಪುಷ್ ಅಪ್ ಕೂಡ ಆಗುತ್ತದೆ. ಒಂದೊಂದನ್ನೂ ಮೂರು ಸೆಟ್‌ನಂತೆ ಮಾಡಿದರೆ ವಿರಾಮವೂ ಸೇರಿ ಐವತ್ತು ಅರವತ್ತು ನಿಮಿಷದಲ್ಲಿ ಮುಗಿಯುತ್ತದೆ. ಹೊಟ್ಟೆಯ ಬೊಜ್ಜಿಗೆಂದು ಮಲಗಿ ಭುಜವನ್ನು ಮೇಲೆತ್ತುವ ಕ್ರಂಚ್ ಅನ್ನು ನೂರಾರು ಬಾರಿ ಮಾಡುವ ಅಗತ್ಯವಿಲ್ಲ. ಯಾವ ಸ್ನಾಯುವಿಗೆ ಕೆಲಸ ಕೊಟ್ಟರೆ ಅದರ ಮೇಲಿನ ಕೊಬ್ಬೇ ಕರಗುತ್ತದೆ ಎಂಬುದು ನಿಜವಲ್ಲ, ಕೊಬ್ಬು ಎಲ್ಲಿಂದ ಮೊದಲು ಇಳಿಯಬೇಕೆಂಬುದನ್ನು ಅನುವಂಶಿಕತೆ ಮತ್ತು ಹಾರ್ಮೋನುಗಳು ತೀರ್ಮಾನಿಸುತ್ತವೆ.

ಈ ವ್ಯಾಯಾಮಗಳಲ್ಲೆಲ್ಲ ಜನ ಹೆಚ್ಚು ತಪ್ಪು ಮಾಡುವುದು ರೊಮೇನಿಯನ್ ಡೆಡ್‌ಲಿಫ್ಟ್‌ನಲ್ಲಿ, ಆದ್ದರಿಂದ ಅದನ್ನು ಕೊಂಚ ವಿವರವಾಗಿ ನೋಡೋಣ. ಭಾರ ಮುಟ್ಟುವ ಮೊದಲು ಉದ್ದನೆಯ ಕೋಲೊಂದನ್ನು ಬೆನ್ನಿನ ಮೇಲೆ ಲಂಬವಾಗಿ ಹಿಡಿದುಕೊಳ್ಳಿ. ಅದು ತಲೆಯ ಹಿಂಭಾಗಕ್ಕೆ, ಎರಡು ಹೆಗಲಮೂಳೆಗಳ ನಡುವಿಗೆ ಮತ್ತು ಬೆನ್ನುಮೂಳೆಯ ತುದಿಗೆ, ಹೀಗೆ ಮೂರು ಕಡೆ ತಾಗುತ್ತಿರಬೇಕು. ಮೊಣಕಾಲನ್ನು ಸ್ವಲ್ಪವೇ ಸಡಿಲಿಸಿ, ಹಿಂದಿರುವ ಗೋಡೆಯನ್ನು ಪೃಷ್ಠದಿಂದ ಮುಟ್ಟಲು ಹೋಗುವಂತೆ ಸೊಂಟವನ್ನು ಹಿಂದಕ್ಕೆ ಸರಿಸಿರಿ. ಎದೆ ತಾನಾಗಿಯೇ ಮುಂದಕ್ಕೆ ಬಾಗುತ್ತದೆ. ಬಾಗುತ್ತಿರುವಾಗ ಕೋಲು ಮೂರರಲ್ಲಿ ಯಾವ ಜಾಗದಿಂದ ಬಿಟ್ಟುಕೊಂಡರೂ ಬೆನ್ನು ಬಳುಕಿತೆಂದು ಅರ್ಥ, ಅಲ್ಲಿಗೇ ನಿಲ್ಲಿಸಿ ಮೇಲೇಳಬೇಕು. ತೊಡೆಯ ಹಿಂಭಾಗ ಬಿಗಿಯಾಗಿ ಎಳೆದಂತಾಗುವ ಹಂತವೇ ನಿಮ್ಮ ಮಿತಿ. ಕೆಲವರಿಗೆ ಅದು ಮೊಣಕಾಲಿನ ಮಟ್ಟದಲ್ಲಿ ಬರುತ್ತದೆ, ಕೆಲವರಿಗೆ ಅದಕ್ಕಿಂತ ಒಂದು ಗೇಣು ಕೆಳಗೆ. ಕೋಲಿನೊಂದಿಗೆ ಹತ್ತು ಬಾರಿ ತಪ್ಪದೆ ಬಂದ ಮೇಲೆ ಹಗುರವಾದ ಡಂಬೆಲ್ ಹಿಡಿದು, ಅದು ತೊಡೆಯನ್ನು ಸವರಿಕೊಂಡೇ ಕೆಳಗಿಳಿಯುವಂತೆ ಮಾಡಿ. ಭಾರ ಕಾಲಿನಿಂದ ದೂರ ಸರಿದಷ್ಟೂ ಸೊಂಟದ ಮೇಲೆ ಒತ್ತಡ ಹೆಚ್ಚುತ್ತದೆ.

ಸ್ಕ್ವಾಟ್‌ಗೂ ಇದೇ ತಾಳ್ಮೆ ಬೇಕು. ಹಿಮ್ಮಡಿ ನೆಲ ಬಿಡದಂತೆ, ಮೊಣಕಾಲು ಕಾಲ್ಬೆರಳುಗಳ ದಿಕ್ಕಿನಲ್ಲಿಯೇ ಮಡಚುವಂತೆ ನೋಡಿಕೊಂಡರೆ ಉಳಿದದ್ದು ಅಭ್ಯಾಸದಿಂದ ಬರುತ್ತದೆ. ಬಾರ್‌ಬೆಲ್‌ನ ಬರಿಯ ಸರಳೇ ಸಾಮಾನ್ಯವಾಗಿ 20 ಕಿಲೊ ಇರುತ್ತದೆಂಬುದು ನೆನಪಿರಲಿ, ಅದು ಭಾರವೆನಿಸಿದರೆ ಡಂಬೆಲ್ ಒಂದನ್ನು ಎದೆಗವಚಿ ಹಿಡಿದು ಶುರುಮಾಡುವುದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಒಬ್ಬರೇ ಬೆಂಚ್ ಪ್ರೆಸ್ ಮಾಡುವಾಗ ಅಡ್ಡಸರಳುಗಳಿರುವ ರ‍್ಯಾಕ್‌ನೊಳಗೆ ಮಾಡಬೇಕು, ಇಲ್ಲವೇ ಡಂಬೆಲ್ ಬಳಸಬೇಕು, ಏಕೆಂದರೆ ಎದೆಯ ಮೇಲೆ ಸಿಕ್ಕಿಕೊಂಡ ಬಾರ್ ಜೀವಕ್ಕೇ ಅಪಾಯ ತರಬಲ್ಲದು. ಭಾರವನ್ನು ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ರಕ್ತದೊತ್ತಡ ಇರುವವರು ಉಸಿರು ಬಿಗಿಹಿಡಿದು ಎತ್ತಲೇಬಾರದು.

ವಾರ್ಮ್ ಅಪ್‌ಗೆ ಐದು ನಿಮಿಷದ ಚುರುಕು ನಡಿಗೆ, ಆಮೇಲೆ ಆ ದಿನದ ಮೊದಲ ವ್ಯಾಯಾಮವನ್ನೇ ಹಗುರವಾದ ಭಾರದಲ್ಲಿ ಎರಡು ಸೆಟ್ ಮಾಡಿದರೆ ಆಯಿತು.

ಭಾರ ಎಷ್ಟಿರಬೇಕು

ಕೊಬ್ಬು ಇಳಿಸುವವರಿಗೆ ಕೊಡುವ ಸಲಹೆಗಳಲ್ಲಿ ಅತ್ಯಂತ ಹೆಚ್ಚು ಹಾನಿ ಮಾಡಿರುವುದು, ಹಗುರವಾದ ಭಾರವನ್ನು ಹಿಡಿದು ವಿರಾಮವಿಲ್ಲದೆ ಇಪ್ಪತ್ತು ಮೂವತ್ತು ಬಾರಿ ಎತ್ತಿ ಬೆವರು ಸುರಿಸಬೇಕೆಂಬ ಸಲಹೆ. ಬೆವರು ಮೈಯನ್ನು ತಂಪಾಗಿಸುವ ವ್ಯವಸ್ಥೆಯೇ ಹೊರತು ಕೊಬ್ಬು ಕರಗಿದ್ದರ ಗುರುತಲ್ಲ. ಏದುಸಿರು ಬಿಡುತ್ತ ಮಾಡಿದ ಸೆಟ್‌ನಲ್ಲಿ ಸ್ನಾಯು ದಣಿಯುವ ಮೊದಲೇ ಉಸಿರು ಸೋಲುತ್ತದೆ, ಸ್ನಾಯುವಿಗೆ ತಲುಪಬೇಕಾದ ಒತ್ತಡ ತಲುಪುವುದೇ ಇಲ್ಲ. ಸ್ನಾಯುವನ್ನು ಬೆಳೆಸಲು ಯಾವ ಭಾರ ಬೇಕೋ ಅದನ್ನು ಉಳಿಸಿಕೊಳ್ಳಲೂ ಅದೇ ಬೇಕು. ಊಟ ಕಡಿಮೆಯಾಯಿತೆಂದು ಭಾರ ಕಡಿಮೆಯಾಗಬಾರದು.

ಒಂದು ಸೆಟ್‌ಗೆ 8ರಿಂದ 12 ರೆಪ್ಸ್, ಅಂದರೆ ಅಷ್ಟು ಬಾರಿ ಎತ್ತಿ ಇಳಿಸುವುದು, ಎಂದಿಟ್ಟುಕೊಳ್ಳಿ. ಸೆಟ್ ಮುಗಿಸಿದಾಗ ಇನ್ನು ಎರಡು ಮೂರು ಬಾರಿ ಸರಿಯಾದ ಭಂಗಿಯಲ್ಲಿ ಎತ್ತಬಹುದಿತ್ತು ಎನಿಸುವಂಥ ಭಾರ ನಿಮಗೆ ತಕ್ಕದ್ದು. ಇನ್ನೂ ಏಳೆಂಟು ಆಗುತ್ತಿತ್ತು ಎನಿಸಿದರೆ ಭಾರ ಸಾಲದು, ಕೊನೆಯ ರೆಪ್‌ಗೆ ಮೈ ತಿರುಚಬೇಕಾಗಿ ಬಂದರೆ ಅತಿಯಾಯಿತು. ಮೊದಲ ಎರಡು ವಾರ ಮಾತ್ರ ಇನ್ನಷ್ಟು ಹಗುರವಾಗಿಯೇ ಎತ್ತಬೇಕು. ಅಭ್ಯಾಸವಿಲ್ಲದ ಸ್ನಾಯು ಒಂದರಿಂದ ಮೂರು ದಿನದವರೆಗೆ ನೋಯುವುದು ಸಹಜ, ಆದರೆ ನೋವಿನ ಜೊತೆ ಊತ ಬಂದು ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಅದು ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹೊರೆಯಾಗುತ್ತಿರುವ ಲಕ್ಷಣವಿರಬಹುದು. ಸೆಟ್‌ಗಳ ನಡುವೆ ಎರಡು ನಿಮಿಷ, ಸ್ಕ್ವಾಟ್ ಮತ್ತು ಡೆಡ್‌ಲಿಫ್ಟ್‌ಗೆ ಮೂರು ನಿಮಿಷ ವಿರಾಮ ಬೇಕು. ಆ ಮೂರು ನಿಮಿಷ ಸುಮ್ಮನೆ ಕೂರುವುದು ಸೋಮಾರಿತನವಲ್ಲ, ಮುಂದಿನ ಸೆಟ್‌ನಲ್ಲಿ ಅಷ್ಟೇ ಭಾರ ಎತ್ತಲು ಅದು ಅಗತ್ಯ.

ಪುಸ್ತಕವೊಂದರಲ್ಲಿ ಬರೆದಿಡುವುದನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಿ. ಒಂದು ಸಾಲು ಹೀಗಿರುತ್ತದೆ: ಸ್ಕ್ವಾಟ್, 40 ಕಿಲೊ, 10, 9, 8. ಮುಂದಿನ ಸಲ ಅದೇ 40 ಕಿಲೊದಲ್ಲಿ 10, 10, 9 ಆಗಬೇಕೆಂಬುದೇ ಆ ದಿನದ ಗುರಿ. ಮೂರೂ ಸೆಟ್‌ಗಳಲ್ಲಿ 12 ತಲುಪಿದ ಮೇಲೆ ಎರಡೂ ಬದಿಗೆ ಸೇರಿ 2.5 ಕಿಲೊ ಹೆಚ್ಚಿಸಿ, ರೆಪ್ಸ್ ಮತ್ತೆ 8 ಅಥವಾ 9ಕ್ಕೆ ಇಳಿಯುತ್ತದೆ, ಅಲ್ಲಿಂದ ಮತ್ತೆ ಏರಬೇಕು. ಹೊಸಬರು ಊಟದ ಕೊರತೆಯ ನಡುವೆಯೂ ತಿಂಗಳುಗಟ್ಟಲೆ ಹೀಗೆ ಏರುತ್ತಲೇ ಹೋಗಬಹುದು. ಈಗಾಗಲೇ ಪಳಗಿದವರಿಗೆ ಏರಿಕೆ ನಿಲ್ಲಬಹುದು, ಅವರಿಗೆ ಎತ್ತುತ್ತಿದ್ದಷ್ಟನ್ನು ಕಾಯ್ದುಕೊಳ್ಳುವುದೇ ಗೆಲುವು. ಕೊರತೆ ದೀರ್ಘವಾಗಿ ಮೈ ತೀರ ದಣಿದಂತಾದಾಗ ಸೆಟ್‌ಗಳನ್ನು ಮೂರರಿಂದ ಎರಡಕ್ಕೆ ಇಳಿಸಿ, ಬಾರ್ ಮೇಲಿನ ಭಾರವನ್ನು ಮಾತ್ರ ಮುಟ್ಟಬೇಡಿ.

ನಡಿಗೆ ಮತ್ತು ನಿದ್ರೆ

ಭಾರ ಎತ್ತುವವರಿಗೆ ನಡಿಗೆ, ಓಟ ಬೇಡವೆಂದೇನೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆಯನ್ನೂ, ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನೂ ಜೊತೆಯಾಗಿಯೇ ಹೇಳುತ್ತದೆ. ನಡಿಗೆ ಹೃದಯಕ್ಕೆ ಒಳ್ಳೆಯದು, ಕ್ಯಾಲರಿ ಕೊರತೆಗೂ ನೆರವಾಗುತ್ತದೆ, ಸ್ಕ್ವಾಟ್ ಮಾಡುವ ಕಾಲನ್ನು ದಣಿಸುವುದೂ ಇಲ್ಲ. ಕಠಿಣ ಓಟವಿದ್ದರೆ ಅದನ್ನು ಭಾರ ಎತ್ತಿದ ನಂತರ ಇಲ್ಲವೇ ಬೇರೆ ದಿನ ಇಟ್ಟುಕೊಳ್ಳಬೇಕು, ದಣಿದ ಮೈಯಲ್ಲಿ ಭಾರ ಎತ್ತಲು ಹೋಗಬಾರದು.

ನಿದ್ರೆಯ ಬಗ್ಗೆ ಹೆಚ್ಚಿನವರು ಯೋಚಿಸುವುದೇ ಇಲ್ಲ. 2010ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನದಲ್ಲಿ, ಒಂದೇ ಜನರಿಗೆ ಒಂದೇ ಪ್ರಮಾಣದ ಮಿತ ಆಹಾರ ಕೊಟ್ಟು ಎರಡು ವಾರ ರಾತ್ರಿ ಎಂಟೂವರೆ ಗಂಟೆ, ಇನ್ನೆರಡು ವಾರ ಐದೂವರೆ ಗಂಟೆ ಮಲಗಲು ಅವಕಾಶ ಕೊಡಲಾಯಿತು. ಎರಡು ಅವಧಿಗಳಲ್ಲೂ ತೂಕ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದರೂ, ನಿದ್ರೆ ಕಡಿಮೆಯಾದಾಗ ಅದರಲ್ಲಿ ಕೊಬ್ಬಿನ ಪಾಲು ಅರ್ಧಕ್ಕಿಂತ ಹೆಚ್ಚು ತಗ್ಗಿತು. ಏಳು ಗಂಟೆಗಿಂತ ಕಡಿಮೆ ಮಲಗುತ್ತಿರುವವರು ಇನ್ನೊಂದು ಸೆಟ್ ಸೇರಿಸುವ ಮೊದಲು ಇನ್ನೊಂದು ಗಂಟೆ ನಿದ್ರೆ ಸೇರಿಸಿಕೊಳ್ಳಲಿ.

ಅಳೆಯುವ ಬಗೆ

ಭಾರ ಎತ್ತಲು ಶುರುಮಾಡಿದ ಮೊದಲ ಎರಡು ಮೂರು ವಾರ ತೂಕ ಇಳಿಯದೆ ಇರಬಹುದು, ಒಂದೊಂದು ಸಲ ಒಂದು ಕಿಲೊ ಏರಲೂಬಹುದು. ದಣಿದ ಸ್ನಾಯು ನೀರು ಹಿಡಿದಿಟ್ಟುಕೊಳ್ಳುತ್ತದೆ, ಸ್ನಾಯುವಿನಲ್ಲಿ ಶೇಖರವಾಗುವ ಸಕ್ಕರೆಯ ದಾಸ್ತಾನಾದ ಗ್ಲೈಕೋಜನ್ ತನ್ನ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಇಟ್ಟುಕೊಳ್ಳುತ್ತದೆ. ಇದನ್ನು ಕಂಡು ಗಾಬರಿಯಾಗಿ ಬಿಟ್ಟುಬಿಡುವವರು ಬಹಳ ಮಂದಿ, ಅದು ನಿಜಕ್ಕೂ ದುಃಖದ ಸಂಗತಿ, ಏಕೆಂದರೆ ಆ ವಾರಗಳಲ್ಲಿಯೂ ಕೊಬ್ಬು ಇಳಿಯುತ್ತಲೇ ಇರುತ್ತದೆ. ಬೆಳಿಗ್ಗೆ ಶೌಚದ ನಂತರ, ಏನೂ ತಿನ್ನದೆ ತೂಕ ನೋಡಿ ಬರೆದಿಟ್ಟು, ಒಂದು ವಾರದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸಬೇಕು. ಹೆಣ್ಣುಮಕ್ಕಳಿಗೆ ಮುಟ್ಟಿನ ಆಸುಪಾಸಿನಲ್ಲಿ ನೀರಿನಿಂದಲೇ ತೂಕ ಏರಿಳಿಯುವುದರಿಂದ ಈ ತಿಂಗಳ ಒಂದು ವಾರವನ್ನು ಹಿಂದಿನ ತಿಂಗಳ ಅದೇ ವಾರಕ್ಕೆ ಹೋಲಿಸುವುದು ಸರಿಯಾದ ಕ್ರಮ. ವಾರಕ್ಕೊಮ್ಮೆ ಹೊಕ್ಕುಳಿನ ಮಟ್ಟದಲ್ಲಿ, ಸಹಜವಾಗಿ ಉಸಿರು ಬಿಟ್ಟ ಮೇಲೆ, ಟೇಪಿನಿಂದ ಸೊಂಟದ ಸುತ್ತಳತೆ ತೆಗೆಯಿರಿ. ಮೇಲೆ ನಿಂತರೆ ಕೊಬ್ಬಿನ ಶೇಕಡಾವಾರು ತೋರಿಸುವ ಯಂತ್ರಗಳ ಅಂಕಿ ಆ ದಿನ ಕುಡಿದ ನೀರಿನಿಂದಲೇ ಬದಲಾಗುತ್ತದೆ, ಅವುಗಳಿಗಿಂತ ಟೇಪು ಹೆಚ್ಚು ನಂಬಿಕೆಗೆ ಅರ್ಹ.

ವ್ಯಾಯಾಮದ ಪುಸ್ತಕವನ್ನೂ ಟೇಪಿನ ಅಳತೆಯನ್ನೂ ಒಟ್ಟಿಗೆ ಇಟ್ಟು ನೋಡಿದಾಗ ವಿಷಯ ತಿಳಿಯಾಗುತ್ತದೆ. ಸೊಂಟ ಇಳಿಯುತ್ತಿದ್ದು ಎತ್ತುವ ಭಾರ ಹಾಗೆಯೇ ಇದ್ದರೆ ಅಥವಾ ಏರುತ್ತಿದ್ದರೆ, ತೂಕ ಅಲ್ಲಾಡದಿದ್ದರೂ ಯಾವ ಬದಲಾವಣೆಯನ್ನೂ ಮಾಡಬೇಡಿ. ತೂಕ ವೇಗವಾಗಿ ಇಳಿಯುತ್ತ ಎಲ್ಲ ವ್ಯಾಯಾಮಗಳಲ್ಲೂ ರೆಪ್ಸ್ ಕುಸಿಯುತ್ತಿದ್ದರೆ ಕೊರತೆ ಅತಿಯಾಗಿದೆ, ದಿನಕ್ಕೆ 150ರಿಂದ 200 ಕ್ಯಾಲರಿ ಹೆಚ್ಚಿಸಿ, ಪ್ರೊಟೀನ್ ಮತ್ತು ನಿದ್ರೆಯನ್ನು ಪರಿಶೀಲಿಸಿ. ನಾಲ್ಕು ವಾರ ಕಳೆದರೂ ಸೊಂಟವೂ ಸರಾಸರಿ ತೂಕವೂ ಇದ್ದಲ್ಲೇ ಇದ್ದರೆ ಕೊರತೆಯೇ ಆಗುತ್ತಿಲ್ಲವೆಂದು ಅರ್ಥ. ಅಡುಗೆಯ ಎಣ್ಣೆ, ಸಿಹಿ ಪಾನೀಯ, ಲೆಕ್ಕಕ್ಕೆ ಬಾರದ ಕುರುಕಲು, ಇವುಗಳನ್ನು ಒಂದು ವಾರ ಅಳೆದು ಬರೆದರೆ ಬಹುಪಾಲು ಅಲ್ಲಿಯೇ ಕಾರಣ ಸಿಗುತ್ತದೆ. ಸಿಗದಿದ್ದರೆ ದಿನಕ್ಕೆ 150 ಕ್ಯಾಲರಿ ತಗ್ಗಿಸಿ ಇಲ್ಲವೇ ಅರ್ಧ ಗಂಟೆ ನಡಿಗೆ ಸೇರಿಸಿ, ಎರಡನ್ನೂ ಒಟ್ಟಿಗೆ ಮಾಡುವ ಅವಸರ ಬೇಡ.

ಹತ್ತು ಹನ್ನೆರಡು ವಾರ ಸತತವಾಗಿ ಕೊರತೆಯಲ್ಲಿದ್ದ ಮೇಲೆ, ಇಳಿಸಬೇಕಾದದ್ದು ಇನ್ನೂ ಉಳಿದಿದ್ದರೂ, ಎರಡು ವಾರ ತೂಕ ಏರದೆ ಇಳಿಯದೆ ಇರುವಷ್ಟು ಊಟ ಮಾಡುವುದು ಒಳ್ಳೆಯದು. ಆ ಎರಡು ವಾರಗಳಲ್ಲಿ ಎತ್ತುವ ಭಾರ ಹೆಚ್ಚುವುದನ್ನು ಪುಸ್ತಕದಲ್ಲಿ ಕಾಣಬಹುದು. ಗುರಿ ತಲುಪಿದ ಮೇಲೂ ಒಮ್ಮೆಗೇ ಹಳೆಯ ಊಟಕ್ಕೆ ಮರಳಬಾರದು, ವಾರಕ್ಕೆ 100ರಿಂದ 150 ಕ್ಯಾಲರಿಯಂತೆ ಏರಿಸುತ್ತ ಸೊಂಟದ ಅಳತೆ ನಿಲ್ಲುವ ಹಂತವನ್ನು ಕಂಡುಕೊಳ್ಳಬೇಕು. ಗಳಿಸಿದ ಸ್ನಾಯುವನ್ನು ಕಾಯ್ದುಕೊಳ್ಳಲು ಗಳಿಸುವಾಗ ಪಟ್ಟಷ್ಟು ಶ್ರಮ ಬೇಕಾಗುವುದಿಲ್ಲ. ಮೂರು ದಿನದ ಬದಲು ಎರಡು ದಿನ ಹೋಗಿ ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿದರೂ, ಎತ್ತುವ ಭಾರ ಮೊದಲಿನಷ್ಟೇ ಇದ್ದರೆ ಅದು ಉಳಿಯುತ್ತದೆ. ಅರವತ್ತು ದಾಟಿದವರು ಮಾತ್ರ ಸೆಟ್‌ಗಳನ್ನು ಅಷ್ಟಾಗಿ ಕಡಿಮೆ ಮಾಡಬಾರದು, ಆ ವಯಸ್ಸಿನಲ್ಲಿ ಸ್ನಾಯು ಕರಗುವ ವೇಗ ಹೆಚ್ಚು.